ಸೆರಗು ಹೊದ್ದ ಸಾಹೇಬರು

ಈ ಕಥೆಯನ್ನು ಮೊದಲು ಹೇಳಿದವರು ನೇಕಾರರ ಗುರುಸಿದ್ದವ್ವ. ಕಳೆದ ಕಾರಹುಣ್ಣಿಮೆಯ ಮರುದಿನ, ಆಸ್ಪತ್ರೆಯ ಬೇವಿನ ಕಟ್ಟೆಯ ಮೇಲೆ.

ಎಚ್‌ಐವಿ ಚಿಕಿತ್ಸೆ ಆರಂಭಿಸುವ ಮೊದಲು ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿಸಬೇಕೆಂದು ಆಪ್ತಸಮಾಲೋಚಕರು ಒಬ್ಬ ತರುಣನಿಗೆ ಹೇಳಿದರು. ತಾಯಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ನಾನ ನಿಮ್ಮವ್ವ ಅಂತ ತಿಳ್ಕೋರಿ. ಹೇಳಿ ನೋಡ್ರಿ," ಎಂದು ಅವರು ಟವೆಲನ್ನು ಸೆರಗಿನಂತೆ ಹೊದ್ದರು.

"ಅವ್ವಾ, ನನಗ ಎಚ್‌ಐವಿ ಐತಿ."

"ಅಯ್ಯೋ, ಮರ್ಯಾದಿ ಹೋತಲ್ಲೋ! ಇನ್ನ ಬ್ಯಾರೆ ಗಂಗಾಳದಾಗ ಉಣ್ಣು!" ಎಂದು ಸಮಾಲೋಚಕರು ತಾಯಿಯಂತೆ ಕೂಗಿದರು.

ಮಗನಿಗೆ ಬೆನ್ನುನೋವೆಂದು ನಂಬಿ ಜೊತೆಗೆ ಬಂದು ಹೊರಗೆ ಕುಳಿತಿದ್ದ ತಾಯಿ, ಎಲ್ಲ ಕೇಳಿಸಿಕೊಂಡು ಬಾಗಿಲು ತಳ್ಳಿದಳು.

"ನಾ ಯಾವಾಗ ಹಂಗಂದೆ? ಮೊದಲ ಆ ಸೆರಗ ತಗೀರಿ ಸಾಹೇಬ್ರ! ಗುಳಿಗಿ ಯಾವಾಗ ಕೊಡಬೇಕು, ಹೇಳ್ರಿ."

ಕಥೆ ಕೇಳಿದವರು ನಗುತ್ತ ಎದ್ದು ತಂತಮ್ಮ ಮನೆಗೆ ಹೋದರು.