ಎರಡೂ ಕಾಲು ಗಂಟೆಯ ತೂಬು

೧೯೩೩ರ ಡಿಸೆಂಬರ್ ೧೭, ಭಾನುವಾರ, ಮಧ್ಯಾಹ್ನ ಎರಡೂ ಕಾಲು ಗಂಟೆ. ಗಾವಡಗೆರೆ ಬಳಿಯ ತುಂಬಿದ ಕೆರೆಯ ಏರಿಯ ಮೇಲೆ ನೀರಗಂಟಿ ಲಿಂಗಯ್ಯ ನೀರು ಹೊರಬಿಡುವ ತೂಬಿನ ಗೂಟ ಎತ್ತಲು ಬಗ್ಗಿದಾಗ, ಗದ್ದೆಗಳ ಯಜಮಾನ ನಂಜಣ್ಣ ತನ್ನ ಕೋಲನ್ನು ಅಡ್ಡ ಹಿಡಿದ.

“ಆಕಾಶ ನೋಡ್ಲಾ, ತೊಳೆದ ತಟ್ಟೆ ಅಂಗೈತೆ. ಯಾವ ಬಿರುಗಾಳಿ ಬತ್ತದ್ಲಾ?”

“ಮದ್ರಾಸು ಕಡೆಯಿಂದ ಬತ್ತಾ ಐತಂತೆ ಬುದ್ಧೀ. ಉಣಸೂರು ಕಚೇರಿಗೆ ತಂತಿ ಬಂದೈತೆ. ಈಗ್ಲೇ ಒಂದಡಿ ನೀರು ಇಳಿಸ್ದಿದ್ರೆ ನಾಳೆಗೆ ಏರಿ ಒಡೆದೋಯ್ತದೆ.”

“ತಂತಿ ನೀನು ಕಂಡ್ಯಾ? ಬುಟ್ಟ ನೀರು ಓಗಿ ನಿಲ್ಲೋದು ನಿನ್ನ ಮಾವನೂರಿನ ಕೆರೇಲಿ. ಅದು ಒಣಗೈತೆ ಅಂತ ನಂಗೊತ್ತಿಲ್ವೇನ್ಲಾ?”

ಆ ಮಾತು ಸುಳ್ಳಾಗಿರಲಿಲ್ಲ. ನಂಜಣ್ಣನ ಬೇಸಿಗೆಯ ಭತ್ತವೆಲ್ಲ ಈ ನೀರನ್ನೇ ನಂಬಿತ್ತು.

ಅಷ್ಟರಲ್ಲಿ ಏರಿಯ ಬುಡದ ಗುಡಿಸಲಿನಿಂದ ಲಿಂಗಯ್ಯನ ಹೆಂಡತಿ ಮಾರಮ್ಮ ಮೇಲೆ ಹತ್ತಿ ಬಂದಳು. ಅವಳ ತಲೆಯ ಮೇಲೆ ಬೀಸುವ ಕಲ್ಲಿತ್ತು. ಸಂಸಾರ ಹೂಡಿದ ದಿನ ನೆಲದಲ್ಲಿ ಹುಗಿದಿದ್ದ ಕಲ್ಲು ಅದು, ಮನೆಯನ್ನೇ ಬಿಡುವಾಗಲ್ಲದೆ ಯಾರೂ ಕೀಳದಂಥದ್ದು. ಅದನ್ನು ಕಿತ್ತ ಕೈಗಳಿಗೆ ಇನ್ನೂ ಹಸಿಮಣ್ಣು ಮೆತ್ತಿತ್ತು. ಅವಳು ಯಾರನ್ನೂ ನೋಡದೆ ಆಚೆಯ ದಿಬ್ಬದ ಕಡೆಗೆ ನಡೆದಳು. ನಂಜಣ್ಣನನ್ನು ನಂಬಿಸುವ ನಾಟಕಕ್ಕಾದರೆ ಎರಡು ಮಡಕೆ ಸಾಗಿಸಿದ್ದರೂ ಸಾಕಿತ್ತು.

ನಂಜಣ್ಣ ಅವಳ ಬೆನ್ನನ್ನೇ ನೋಡುತ್ತಿದ್ದ. ಆಮೇಲೆ ಕೋಲನ್ನು ಕೆಳಗಿಟ್ಟ. ಎಂದೂ ಹತ್ತಿರ ನಿಲ್ಲದವನು ಲಿಂಗಯ್ಯನ ಭುಜಕ್ಕೆ ಭುಜ ತಾಗಿಸಿ ಗೂಟ ಹಿಡಿದ.

“ಎತ್ತು, ನೋಡ್ತಾ ನಿಂತ್ಕೋಬ್ಯಾಡ.”

ಮರುದಿನ ಬೆಳಿಗ್ಗೆ ಗಾಳಿಮಳೆ ನಿಂತಾಗ ಒಂದಡಿ ಇಳಿಸಿದ್ದರೂ ನೀರಿಗೂ ಏರಿಯ ತಲೆಗೂ ನಡುವೆ ನಾಲ್ಕೇ ಅಂಗುಲ ಅಂತರವಿತ್ತು.