ರಾಜಕೀಯ ಮಾತಾಡಬಾರದು

ಶೇವಿಂಗ್ ಕ್ರೀಮಿನ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ತಾವಾಗಿ ಒಂದು ಹಲಗೆಯ ಅಂಚು ಹುಡುಕುತ್ತವೆ.

ತರೀಕೆರೆಯ ಆ ಕಟಿಂಗ್ ಶಾಪಿನ ಕನ್ನಡಿಯ ಮೇಲೆ ‘ರಾಜಕೀಯ ಮಾತಾಡಬಾರದು’ ಎಂದು ಬರೆದಿತ್ತು. ಅದಕ್ಕೇ ಅಲ್ಲಿ ಎಲ್ಲರೂ ಫುಟ್‌ಬಾಲ್ ಮಾತಾಡುತ್ತಿದ್ದರು. ಆ ಮಧ್ಯಾಹ್ನ ಟೀವಿಯಲ್ಲಿ ವರ್ಲ್ಡ್ ಕಪ್ಪಿನ ಹಳೇ ಮ್ಯಾಚು ಮತ್ತೆ ಬರುತ್ತಿತ್ತು. ದೊಡ್ಡವರ ಕುರ್ಚಿಯ ಹಿಡಿಗಳಿಗೆ ಅಡ್ಡಲಾಗಿ ಹಲಗೆ ಇಟ್ಟು, ಅದರ ಮೇಲೆ ನನ್ನನ್ನು ಕೂರಿಸಿ, ಶಾಪಿನ ಮಂಜಣ್ಣ ಕೂದಲು ಕತ್ತರಿಸುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಅಪ್ಪನ ಗೆಳೆಯ ರುದ್ರಪ್ಪ ಮಾವ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕಾಯುತ್ತಿದ್ದ.

“ಆ ಕ್ಯಾಪ್ಟನ್‌ಗೆ ಬರೀ ಬಾಯಿ ಕಣೋ. ಹನ್ನೊಂದು ಜನ ಆಡಿದ್ನ ತಾನೊಬ್ನೇ ಆಡ್ದೆ ಅಂತಾನೆ,” ಎಂದ ಅಪ್ಪ, ಬೆಂಚಿನಿಂದ.

ಮಾವ ನೊರೆಯೊಳಗೇ ನಕ್ಕ. “ನಿಮ್ ಟೀಮಲ್ಲಿ ಅಪ್ಪ ಹೋದ್ರೆ ಮಗ ಕ್ಯಾಪ್ಟನ್, ಮಗ ಹೋದ್ರೆ ಮೊಮ್ಮಗ. ಆಟ ಬರ್ಬೇಕು ಅಂತ್ಲೂ ಇಲ್ಲ.”

ಇಬ್ಬರಿಗೂ ಒಬ್ಬ ಆಟಗಾರನ ಹೆಸರೂ ಗೊತ್ತಿರಲಿಲ್ಲ.

“ದೇಶದ್ರೋಹಿಗಳಿಗೆ ಇದೆಲ್ಲಾ ತಿಳಿಯಲ್ಲ ಬಿಡು,” ಎಂದ ಮಾವ.

ಅಪ್ಪ ಎದ್ದು ಬಂದ. ನನ್ನನ್ನು ಮೆಲ್ಲಗೆ ಎತ್ತಿ ನೆಲಕ್ಕಿಳಿಸಿ ಹಲಗೆ ತೆಗೆದುಕೊಂಡ. “ಬ್ಯಾಡ ಕಣಣ್ಣಾ!” ಎಂದು ಮಂಜಣ್ಣ ಕೂಗುವಷ್ಟರಲ್ಲಿ ಅದು ಮಾವನ ದವಡೆಗೆ ಬಿದ್ದಿತ್ತು. ಏನೋ ಮುರಿದ ಸದ್ದಾಯಿತು. ಬಿಳಿ ನೊರೆ ಕೆಂಪಾಗಿ ಕನ್ನಡಿಗೆ ಸಿಡಿಯಿತು. ಟೀವಿಯಲ್ಲಿ ಯಾರೋ ಗೋಲು ಹೊಡೆದರು. ಅಪ್ಪ ಮತ್ತೆ ಹಲಗೆ ಎತ್ತಿದ.

ಮುಂದಿನ ಸಲ ಹೋದಾಗ ಹಲಗೆಯನ್ನು ಉಜ್ಜಿ ತೊಳೆದಿದ್ದರು, ಆದರೆ ಕಲೆ ಹೋಗಿರಲಿಲ್ಲ. ಮಂಜಣ್ಣ ಅದರ ಮೇಲೆ ಟವೆಲ್ ಹಾಸಿ ನನ್ನನ್ನು ಕೂರಿಸಿದ. ಟೀವಿ ಬಂದ್ ಆಗಿತ್ತು.

“ಕೊನೇಗೆ ಕಪ್ ಯಾರು ಗೆದ್ರಪ್ಪಾ?” ಅಪ್ಪ ಕೇಳಿದ.

ಮಂಜಣ್ಣ ಕತ್ತರಿಯ ತುದಿಯಿಂದ ಕನ್ನಡಿಯ ಮೇಲಿನ ಬರಹ ತೋರಿಸಿದ.