ಅರ್ಧ ರೊಟ್ಟಿ

ಈಗ ಬೆಳಿಗ್ಗೆ ಬಿಗಿ ಕಾಲುಚೀಲ ಏರಿಸುವಾಗಲೆಲ್ಲ ಅದರ ರಬ್ಬರು ವಾಸನೆಗೆ ಸಂಶಿಯ ಅಜ್ಜಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವನ ಮೈ ಸಣಕಲು, ಕಾಲು ಮಾತ್ರ ಕಂಬ, ಒತ್ತಿದರೆ ನೋವು. ಪಾದದಲ್ಲಿ ಬಾವು ಇರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಅದನ್ನೆಲ್ಲ ನೋಡಿ, ಇದು ಲಿಪೆಡಿಮಾ, ಉಪವಾಸ ಮಾಡಿದರೆ ಕರಗುವ ಕೊಬ್ಬಲ್ಲ, ಬಿಗಿ ಚೀಲ ಹಾಕಿಕೊಂಡು ದಿನಾ ನಡೆಯಿರಿ ಎಂದು ಬಿಡಿಸಿ ಬಿಡಿಸಿ ಹೇಳಿದ್ದರು. ಪಕ್ಕದಲ್ಲೇ ಕೂತಿದ್ದ ಅಜ್ಜಿ "ಹೌದ್ರಿ, ಖರೇರಿ" ಎಂದು ತಲೆಯಾಡಿಸಿದ್ದೇ ಆಡಿಸಿದ್ದು.

ರಬ್ಬರು ವಾಸನೆಯ ಹೊಸ ಚೀಲ ಕೊಂಡು ಮನೆಗೆ ಬಂದು ಊಟಕ್ಕೆ ಕೂತರೆ, ಅದೇ ಅಜ್ಜಿ ಎಂದಿನಂತೆ ಅವ್ವನ ತಾಟಿನ ಜೋಳದ ರೊಟ್ಟಿ ಮುರಿದು ಅರ್ಧ ವಾಪಸ್ ಬುಟ್ಟಿಗೆ ಹಾಕಿದಳು.

"ಡಾಕ್ಟರ್ ಏನಂದ್ರು ಬೇ?" ಎಂದಳು ಅವ್ವ.

"ಅವ್ರು ಹಂಗ ಅಂತಾರ ತಗೊ. ಬಾಯಿ ಕಟ್ಟಿದ್ರ ಕಾಲು ತಾನ ಇಳೀತಾವು."

ಅವ್ವ ಕೈ ಚಾಚಿ ಅಜ್ಜಿಯ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿದಳು. ಅವೇ ಕಂಬಗಳು.

"ನೀ ಜನ್ಮಪೂರ್ತಿ ಅರ್ಧಾ ರೊಟ್ಟಿನ ತಿಂದಿ. ನಿನ್ನವು ಯಾಕ ಇಳೀಲಿಲ್ಲ?"

ಅಜ್ಜಿ ಸೀರೆ ಎಳೆದುಕೊಂಡಳು. ಸ್ವಲ್ಪ ಹೊತ್ತು ನನ್ನ ಕಾಲುಗಳನ್ನೇ ನೋಡಿದಳು. ಆಮೇಲೆ ನನ್ನ ತಾಟಿನ ರೊಟ್ಟಿ ಮುರಿದಳು.